ಮ್ಯೂಸಿಯಂ ಮೆಟ್ಟಿಲಲ್ಲಿ ನುಡಿದ ಹಲ್ಲಿ

ಹಲ್ಲಿ ನುಡಿದರೆ ನೀವೇನು ಮಾಡುತ್ತೀರಿ? ನಮ್ಮ ಅತ್ತೆಯವರು ಬೆರಳಿನಿಂದ ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಎನ್ನುತ್ತಾರೆ. ಆಡುತ್ತಿದ್ದ ಮಾತು ಅಲ್ಲಿಗೆ ಸತ್ಯ. ಅಪೀಲಿಲ್ಲ. (ಯಾವ ಕೋರ್ಟಿನಲ್ಲಿ ಇಷ್ಟು ಬೇಗ ತೀರ್ಪು ಸಿಗುತ್ತದೆ ಹೇಳಿ?)

ಹೋದ ವಾರ ಮಗಳು ಸುನೀತಾಳಿಗೆ ಬೆಳಗಾವಿಯಲ್ಲಿ ಬಿ.ಪಿ.ಎಡ್. ಸೀಟು ಸಿಕ್ಕಿತು. ಕಬಡ್ಡಿ ಆಡುವ ಹುಡುಗಿ, ಆಟದ ಟೀಚರ್ ಆಗುವ ಆಸೆ. ಸೋಮವಾರದೊಳಗೆ ಸೇರದಿದ್ದರೆ ಸೀಟು ಬೇರೆಯವರ ಪಾಲು. ಅತ್ತೆಯವರದು ಒಂದೇ ಹಟ: “ಹೆಣ್ಣಮಗಳು ಪ್ಯಾಂಟ್ ಹಾಕ್ಕೊಂಡು ಸೀಟಿ ಊದೂದು ಒಂದು ನೌಕರಿ ಏನ?” ಅವರು ಹೂಂ ಅನ್ನದೆ ನಮ್ಮ ಯಜಮಾನರು ಹೂಂ ಅನ್ನುವವರಲ್ಲ.

ದೇವಿಯ ಮೇಲೆ ಭಾರ ಹಾಕಿ ಶುಕ್ರವಾರ ಚಿಕ್ಕೋಡಿಯಿಂದ ನಾವು ಮೂವರು ಹೆಂಗಸರು ಕೊಲ್ಲಾಪುರಕ್ಕೆ ಹೋದೆವು. ದರ್ಶನ ಚೆನ್ನಾಗಿ ಆಯಿತು. ಬಸ್ಸಿಗಿನ್ನೂ ಹೊತ್ತಿತ್ತು, ಬಿಸಿಲು ಸುಡುತ್ತಿತ್ತು. ನೆರಳಿಗೆಂದು ಒಂದು ಮ್ಯೂಸಿಯಂ ಹೊಕ್ಕೆವು.

ಕೋಣೆಗಳಲ್ಲಿ ಕತ್ತಿ, ಗುರಾಣಿ, ಮೂರ್ತಿ. ಮೆಟ್ಟಿಲಲ್ಲಿ ಏನೂ ಇಲ್ಲ, ಬರೀ ಸದ್ದು! ಮೊದಲ ತಿರುವಿನಲ್ಲಿ ಬೀಸುಕಲ್ಲಿನ ಗರಗರ. “ಹಿಂದ ಅಡಗಿಮನಿ ಐತಿ ಕಾಣತೈತಿ,” ಎಂದರು ಅತ್ತೆ. ಎರಡನೆಯ ತಿರುವಿನಲ್ಲಿ ಮೊಣಕಾಲು ಹಿಡಿದುಕೊಂಡು ಕುಳಿತೇ ಬಿಟ್ಟರು. ಕುಳಿತವರು ಸುಮ್ಮನಿರಬೇಕಲ್ಲ?

“ಇಕಿ ಓದಿ ಏನ ಉದ್ಧಾರ ಆಗ್ತಾಳ?”

“ಮಾಸ್ತರಣಿ ಆಗ್ತಾಳ್ರಿ, ಅತ್ತ್ಯಾರ. ಮನಿ ಹೆಸರ ತರ್ತಾಳ,” ಎಂದೆ.

ಲೊಚ್ ಲೊಚ್ ಲೊಚ್!

ಅತ್ತೆ ಮೆಟ್ಟಿಲು ಕುಟ್ಟಿದರು. “ಕೃಷ್ಣ ಕೃಷ್ಣ! ಖರೇ ಐತಿ ಬಿಡವಾ. ಹೋಗ್ಲಿ ಇಕಿ.”

ಸುನೀತಾ ಕಣ್ಣಲ್ಲೇ ಗೋಡೆಯ ಬೋರ್ಡು ತೋರಿಸಿದಳು. ಬೀಸುಕಲ್ಲು, ಹಲ್ಲಿ ಎಲ್ಲವೂ ಹಳೆಯ ಮನೆಗಳ ಸದ್ದುಗಳಂತೆ, ಕಲಾವಿದರು ರೆಕಾರ್ಡ್ ಮಾಡಿದ್ದಂತೆ, ನಿಮಿಷಕ್ಕೊಮ್ಮೆ ಬರುತ್ತದಂತೆ. ಮೂಲೆಯಲ್ಲಿ ಪುಟ್ಟ ಸ್ಪೀಕರ್. ಅತ್ತೆಗೆ ಓದಲು ಬರುವುದಿಲ್ಲ.

ಹೇಳಲೇ? ಬಾಯಿ ತೆರೆದೆ, ದೇವರಾಣೆ! ಅಷ್ಟರಲ್ಲಿ ಅತ್ತೆಗೆ ಆಸೆ ಹುಟ್ಟಿತ್ತು.

“ನನ್ನ ಮೊಣಕಾಲ ಬ್ಯಾನಿ ದೀಪಾವಳಿಗೆ ಹೋಗತೈತಿ.” ಗೋಡೆ ನೋಡುತ್ತ ಕಾದರು. ಲೊಚ್ ಲೊಚ್! ಮುಖ ಅರಳಿತು. “ಹಂಗಾರ ಇಕಿ ಮದವಿನೂ ಈ ವರ್ಷನ...”

ಮದುವೆಯಾದರೆ ಓದೆಲ್ಲಿ? ರಟ್ಟೆ ಹಿಡಿದು ಎಬ್ಬಿಸಿದೆ. “ಬಸ್ ಹೋಗತೈತ್ರಿ, ಏಳ್ರಿ ಏಳ್ರಿ!”

“ಅಯ್ಯ, ಕೈ ಮುರೀತಿ ಏನ ನಮ್ಮವ್ವಾ!”

ನಾವು ಮೊದಲ ತಿರುವಿಗೆ ಇಳಿಯುವಾಗ ಮೇಲಿನ ಖಾಲಿ ಮೆಟ್ಟಿಲಿಗೆ ಹಲ್ಲಿ ಸತ್ಯ ನುಡಿಯಿತು. ಬೀಸುಕಲ್ಲಿನ ಗರಗರದಲ್ಲಿ ಅತ್ತೆಗೆ ಕೇಳಿಸಲಿಲ್ಲ. ಸಣ್ಣ ಪುಣ್ಯವೇ ಇದು?

ಸೋಮವಾರ ಮಗಳು ಕಾಲೇಜು ಸೇರಿದಳು. ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದರು: “ಹಲ್ಲಿ ಬಾಯಾಗ ದೇವೀನ ಹೇಳ್ಯಾಳ.” ನಾನು ತುಪ್ಪದ ದೀಪ ಹಚ್ಚಿ ತಪ್ಪಾಯಿತೆಂದು ಗಲ್ಲ ಬಡಿದುಕೊಂಡೆ. ಬಡಿದುಕೊಳ್ಳುವಾಗಲೇ ಒಂದು ಅನುಮಾನ ಬಂತು.

ಹಲ್ಲಿಯ ಬಾಯಲ್ಲಿ ನುಡಿಯುವ ದೇವಿಗೆ ಸ್ಪೀಕರ್ ಏನು ಮೈಲಿಗೆಯೇ?