ಸೊಣ್ಣಮ್ಮನ ಹಸು ಮೂರನೇ ಮಹಡಿ ಹತ್ತಿದ್ದು

ನಮ್ಮ ಕಾಡುಗೋಡಿಯಲ್ಲಿ ಯಾರೇ ಹೊಸ ಮನೆ ಮಾಡಲಿ, ಹೊಸ್ತಿಲನ್ನು ಮೊದಲು ದಾಟುತ್ತಿದ್ದುದು ಸೊಣ್ಣಮ್ಮನ ಹಸು. ಮೆಟ್ರೊ ಕಂಬಗಳು ಇನ್ನೂ ಏಳದ ವರ್ಷಗಳವು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಗೃಹಪ್ರವೇಶಕ್ಕೆ ಹಸು ನುಗ್ಗಿಸಬೇಕೆಂದರೆ ಎಲ್ಲರೂ ಇವಳ ಕೊಟ್ಟಿಗೆಗೇ ಬರುತ್ತಿದ್ದರು. ತನ್ನ ಹಸು ಚುಕ್ಕಿಯ ಕೊಂಬಿಗೆ ಅರಿಶಿನ ಬಳಿದು, ಹಗ್ಗ ಹಿಡಿದು ಹೊರಟಳೆಂದರೆ ಅವಳ ಗತ್ತೇ ಬೇರೆ. ವಾಪಸು ಬಂದಾಗ ಮಾತ್ರ ಮುಖ ಗಂಟಾಗಿರುತ್ತಿತ್ತು. "ಮೂರು ಬಚ್ಚಲು ಕಣಮ್ಮಿ, ಇರೋರು ಇಬ್ರು. ಏನ್ ದಿನಾ ಮೈ ತೊಳ್ಕಂಡೇ ಕುಂತಿರ್ತಾರಾ?" ಎಂದು ನನ್ನ ಮುಂದೆ ಕಾರುತ್ತಿದ್ದಳು. ನಾನು ಪಕ್ಕದ ಮನೆಯ ಲಕ್ಷ್ಮಮ್ಮ. ಅವಳ ಹೊಟ್ಟೆಕಿಚ್ಚನ್ನೆಲ್ಲ ಕೇಳಿಸಿಕೊಂಡವಳು.

ಕಿಚ್ಚು ಇರದೆ ಇನ್ನೇನು? ಗಂಡ ತೀರಿಕೊಂಡ ಮೇಲೆ ಭಾವ ಲಕ್ಷ್ಮಣಪ್ಪ ಅವಳನ್ನು ಕೊಟ್ಟಿಗೆಗೆ ಅಂಟಿದ ಕೋಣೆಗೆ ದಬ್ಬಿ, ಉಳಿದ ಜಾಗದಲ್ಲೆಲ್ಲ ಬಾಡಿಗೆ ಮನೆಗಳ ಸಾಲು ಕಟ್ಟಿಸಿದ. ಪತ್ರವೆಲ್ಲ ಅವನ ಹೆಸರಿಗೆ. ಇವಳು ಸ್ನಾನ ಮಾಡಬೇಕೆಂದರೆ ಬಾಡಿಗೆಯವರ ಸರದಿ ಮುಗಿಯಬೇಕಿತ್ತು. ಅವನ ಮೀಸೆಗಿಷ್ಟು ಬೆಂಕಿ ಹಾಕ! ತನ್ನ ಹೆಸರಿಗೆ ಒಂದೇ ಒಂದು ಮನೆ, ಅದು ಕೋಳಿಗೂಡಿನಷ್ಟಿದ್ದರೂ ಸಾಕು ಅನ್ನುವುದೊಂದೇ ಅವಳ ಆಸೆ.

ಅಂಥದ್ದರಲ್ಲಿ ಪಾಲಿಕೆಯವರು ರಸ್ತೆಯಾಚೆ ಜೋಪಡಿಯವರಿಗೆಂದು ಮನೆಗಳನ್ನು ಕಟ್ಟಿದರು. ರಾಯಚೂರಿನ ಕಡೆಯಿಂದ ಬಂದು, ಗಾರೆ ಕೆಲಸ ಮಾಡುತ್ತ, ಟಾರ್ಪಾಲಿನ ಕೆಳಗೆ ಮಕ್ಕಳನ್ನು ಸಾಕಿದ ಬಸಕ್ಕನಿಗೂ ಮೂರನೇ ಮಹಡಿಯಲ್ಲಿ ಒಂದು ಸಿಕ್ಕಿತು. ಸುದ್ದಿ ಕೇಳಿದ ದಿನ ಸೊಣ್ಣಮ್ಮ ಊಟ ಮಾಡಲಿಲ್ಲ. "ಮೊನ್ನೆ ಬಂದೋಳ್ಗೆ ಮನೆ. ನಾನೇನ್ ಪಾಪ ಮಾಡಿದ್ದೆ?" ಎಂದು ಎದೆ ಬಡಿದುಕೊಂಡಳು.

ಊರಿನವರೆಲ್ಲ ವಾರ್ಡ್ ಕಚೇರಿಗೆ ದೂರು ಹೇಳಲು ಹೊರಟಾಗ ನಾವಿಬ್ಬರೂ ಹೋದೆವು. ಅಂಥವರು ಬಂದರೆ ಗಲಾಟೆ ಹೆಚ್ಚುತ್ತದೆ, ಬಾಡಿಗೆ ಬಿದ್ದುಹೋಗುತ್ತದೆ ಎಂದು ಲಕ್ಷ್ಮಣಪ್ಪ ಕೂಗಾಡಿದ. ಎಂಜಿನಿಯರ್ ಭಾನುಪ್ರಕಾಶ್ ತಣ್ಣಗೆ, "ಮನೆ ಇಲ್ದೋರಿಗೆ ಮನೆ ಕೊಡ್ತಿದೀವಿ. ನಿಮಗೆ ಅಷ್ಟು ತೊಂದ್ರೆ ಅನ್ಸಿದ್ರೆ ಕಾಂಪೌಂಡ್ ಎತ್ತರ ಮಾಡಿಸ್ಕೊಡ್ತೀವಿ" ಎಂದರು. ಗುಂಪು ತಣ್ಣಗಾಯಿತು. ಗೋಡೆ ಸಿಕ್ಕಿತಲ್ಲ!

ಆಗ ಸೊಣ್ಣಮ್ಮ ಮುಂದೆ ನುಗ್ಗಿದಳು. "ಸಾರ್, ನಂಗೂ ಮನೆ ಇಲ್ಲ. ನನ್ ಹೆಸ್ರಿಗೂ ಒಂದು ಕೊಡಿ."

ಲಕ್ಷ್ಮಣಪ್ಪ ಗಹಗಹಿಸಿ ನಕ್ಕ. "ಸಾಲುಗಟ್ಲೆ ಮನೆ ಇರೋ ವಂಶದ ಸೊಸೆ, ಇವ್ಳಿಗೆ ಮನೆ ಇಲ್ವಂತೆ!" ಎಲ್ಲರೂ ನಕ್ಕರು. "ನಿಮ್ಮ ಮನೆತನಕ್ಕೆ ಆಸ್ತಿ ಇದೆಯಲ್ಲಮ್ಮ, ನಿಮಗೆ ಬರಲ್ಲ" ಎಂದು ಎಂಜಿನಿಯರ್ ಎದ್ದುಹೋದರು.

ಬಸಕ್ಕ ತನ್ನ ಗೃಹಪ್ರವೇಶದ ಹಿಂದಿನ ಸಂಜೆ ಕೊಟ್ಟಿಗೆಗೆ ಬಂದಳು. "ಯಕ್ಕಾ, ನಿಮ್ಮ ಆಕಳ ಕರಕೊಂಡು ಬರ್ರಿ. ಕೆಳಗ ಮೆಟ್ಟಲ ಹತ್ರ ನಿಂದ್ರಿಸಿದ್ರ ಸಾಕ್ರಿ." ಮಹಡಿ ಮನೆಗಳಿಗೆ ಹಾಗೆಯೇ ಮಾಡುವುದು. ಹಸು ಮೆಟ್ಟಿಲು ಹತ್ತುತ್ತದೆ, ಇಳಿಯಲು ಮಾತ್ರ ಸುತರಾಂ ಒಪ್ಪುವುದಿಲ್ಲ. ಸೊಣ್ಣಮ್ಮನಿಗೆ ಇದು ಗೊತ್ತಿಲ್ಲವೇ? ಆದರೂ, "ಕೆಳಗ್ಯಾಕೆ, ಮನೆ ಒಳೀಕೇ ನುಗ್ಗಿಸ್ತೀನಿ ಬಿಡು" ಎಂದಳು. ಬಸಕ್ಕ ಕೈ ಮುಗಿದು ಹೋದಳು.

ನಾನು ಸೊಣ್ಣಮ್ಮನನ್ನು ದುರುಗುಟ್ಟಿ ನೋಡಿದೆ. "ಅಸ ಅಲ್ಲೇ ಸಿಕ್ಕಾಕ್ಕಳ್ಳಿ. ಎಂಜಿನಿಯರ್ ಬಂದು ಉಗೀಲಿ. ಕೊಟ್ಟ ಮನೆ ಕಿತ್ಕಳ್ಳಿ!" ಎಂದಳು. ಹೊಟ್ಟೆಯುರಿ ಅಂದರೆ ಅದು!

ಬೆಳಿಗ್ಗೆ ಚುಕ್ಕಿ ಬೆಲ್ಲದಾಸೆಗೆ ಮೂರೂ ಮಹಡಿ ಹತ್ತಿತು. ಒಳಗೆ ಹೋದದ್ದೇ ನಡುಮನೆಯಲ್ಲಿ ಸಗಣಿ ಹಾಕಿತು. "ಲಕ್ಷ್ಮೀ ಬಂದಳ್ರಿ ಯಕ್ಕಾ!" ಎಂದು ಬಸಕ್ಕ ಹಿಗ್ಗಿ ಸೊಣ್ಣಮ್ಮನ ಕಾಲಿಗೇ ಬಿದ್ದಳು. ಸೊಣ್ಣಮ್ಮ ಮುಖ ಸಿಂಡರಿಸಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ನನಗೆ ಹೊರಗೆ ಕೇಳುತ್ತಿತ್ತು.

ಇಳಿಸಲು ಹೋದರೆ ಚುಕ್ಕಿ ನಾಲ್ಕೂ ಕಾಲು ಊರಿ ನಿಂತಿತು. ಮೆಟ್ಟಿಲಲ್ಲಿ ಜನ ಓಡಾಡುವಂತಿಲ್ಲ. ಯಾರೋ ಫೋನ್ ಮಾಡಿದರು. ಭಾನುಪ್ರಕಾಶ್ ಏದುಸಿರು ಬಿಡುತ್ತಾ ಬಂದರು. "ಯಾರು ಹಸು ಹತ್ಸಿದ್ದು? ಈಯಮ್ಮನೇ ಹೇಳಿದ್ದಾ? ಹಂಗಿದ್ರೆ ಇವತ್ತೇ ಮನೆ ವಾಪಸ್ ತಗೋತೀವಿ!"

ಅವರ ಬೆರಳು ಬಸಕ್ಕನ ಕಡೆಗಿತ್ತು. ಸೊಣ್ಣಮ್ಮ ಹೌದು ಅಂದಿದ್ದರೆ ಮುಗಿದೇ ಹೋಗುತ್ತಿತ್ತು, ಅವಳು ಬಯಸಿದ್ದೂ ಅದನ್ನೇ. ಅವಳು ಬಸಕ್ಕನನ್ನು ನೋಡಿದಳು. ಬಚ್ಚಲ ಬಾಗಿಲನ್ನು ನೋಡಿದಳು.

"ಅವ್ಳು ಕೆಳಗೇ ನಿಲ್ಸು ಅಂದ್ಲು. ಮ್ಯಾಲಕ್ಕೆ ತಂದೋಳು ನಾನು. ನನ್ ಮನೆ ಕಿತ್ಕಳಿ ಸಾರ್! ಯಾವ್ದಿದೆ, ಹುಡುಕಿ ಕಿತ್ಕಳಿ!"

ಎಂಜಿನಿಯರ್ ಹಸು ಇಳಿಸಲು ಜನ ಕರೆಸಿದರು. ಮೆಟ್ಟಿಲಿಗೆ ಗೋಣಿಚೀಲ ಹಾಸಿ, ಹಸುವಿನ ಕಣ್ಣಿಗೆ ಬಟ್ಟೆ ಕಟ್ಟಿ, ನಾಲ್ಕಾರು ಜನ ಹಿಡಿದು ಇಳಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬಸಕ್ಕ ಹೋಳಿಗೆ ಕಟ್ಟಿಕೊಟ್ಟಳು. ದಾರಿಯಲ್ಲಿ ನಾನು ಸೊಣ್ಣಮ್ಮನನ್ನು ಹೊಗಳಲು ಬಾಯಿ ತೆರೆದೆ.

"ಸುಮ್ಕಿರು. ಆ ಚಿಲ್ಕ ಎಂಗೆ ಕುಂತ್ಕತದೆ ಗೊತ್ತಾ? ಬಸಕ್ಕಂಗೆ ಅದ್ರ ಬೆಲೆ ಏನ್ ಗೊತ್ತು, ತೂ!" ಎಂದಳು.

ಕೊಟ್ಟಿಗೆಯಲ್ಲಿ ಚುಕ್ಕಿಯನ್ನು ಕಟ್ಟಿ, ಹೋಳಿಗೆಯನ್ನು ನನ್ನ ಕೈಗೆ ತುರುಕಿ, ತನ್ನ ಕೋಣೆಯೊಳಗೆ ಹೋದಳು. ಬಾಗಿಲಿಗೆ ಒಳಗಿನಿಂದ ಕಲ್ಲು ಸರಿಸಿ ಒತ್ತಿಟ್ಟ ಸದ್ದು ಕೇಳಿಸಿತು. ಆ ಬಾಗಿಲಿಗೆ ಚಿಲಕವೇ ಇರಲಿಲ್ಲ.