ಗೇಣುದ್ದದ ಅಂಬಾಸಿಡರ್

ಕಳೆದ ವರ್ಷ ಆಯುಧಪೂಜೆಯ ಬೆಳಿಗ್ಗೆ, ಚನ್ನಪಟ್ಟಣದ ಒಂದು ಮನೆಯ ಮಹಡಿ ಕೋಣೆಯಲ್ಲಿ, ಗೇಣುದ್ದದ ಬಿಳಿ ಅಂಬಾಸಿಡರ್ ಕಾರಿನ ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಲಾಯಿತು. ಬಾನೆಟ್ಟಿನ ಬಣ್ಣ ಆಗಿನ್ನೂ ಒಣಗಿರಲಿಲ್ಲ.

ಹಚ್ಚಿದವರು ಆ ಮನೆಯ ತಾಯಿ. ಕೆಳಗೆ ಮಗನ ಲೇತು, ಉಳಿಗಳು, ಸ್ಕೂಟರು, ಮಿಕ್ಸಿ ಎಲ್ಲಕ್ಕೂ ಪೂಜೆ ಮುಗಿಸಿ ತಟ್ಟೆ ಹಿಡಿದು ಮೇಲೆ ಬಂದಿದ್ದಾರೆ. ಮೇಜಿನ ಮೇಲೊಂದು ಕಾರು ಕಂಡಿದೆ. ಮೂರು ಬೆರಳು ಅದ್ದಿ ಎಳೆದಿದ್ದಾರೆ, ಸೇವಂತಿಗೆ ಇಟ್ಟಿದ್ದಾರೆ, ಮುಂದಿನ ಚಕ್ರಗಳಡಿ ಎರಡು ನಿಂಬೆಹಣ್ಣಿಟ್ಟು ಕಾರನ್ನು ಮುಂದಕ್ಕೆ ತಳ್ಳಿದ್ದಾರೆ. ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದಿತ್ತು. ಹಣ್ಣಿಗೆ ಏನೂ ಆಗಲಿಲ್ಲ. ಮುಂದಿನ ಅಚ್ಚು ಬಾಗಿತು.

“ಕಾರು ಅಂದ್ಮೇಲೆ ಕಾರು ಕಣಪ್ಪ,” ಎಂದರು, ನಾವು ನಾಲ್ವರೂ ಬಾಯಿ ತೆರೆದು ನಿಂತದ್ದನ್ನು ನೋಡಿ. “ಚಿಕ್ದಾದ್ರೆ ಪೂಜೆ ಬ್ಯಾಡ್ವಾ? ಕೂಸಿಗೆ ಬೊಟ್ಟಿಡಲ್ವಾ?”

ಹೇಳಿ, ತಟ್ಟೆ ಎತ್ತಿಕೊಂಡು ಕೆಳಗಿಳಿದರು.

ನಾವು ನಾಲ್ವರು ಭಾನುವಾರ ಆ ಕೋಣೆಯಲ್ಲಿ ಸೇರಿ ಕಾರುಗಳ ಚಿಕ್ಕ ಮಾದರಿಗಳನ್ನು ಕಟ್ಟಿ ಬಣ್ಣ ಹೊಡೆಯುವವರು. ಮನೆ ಬೊಂಬೆ ಕಡೆಯುವವನದು. ಅವನ ತಾಯಿಯ ಬಗ್ಗೆ ಈಗಷ್ಟೇ ಹೇಳಿದೆ. ಎರಡನೆಯವರು ಕನಕಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರು. ಮೂರನೆಯವನು ರಾಮನಗರದಲ್ಲಿ ಶೆಡ್ ಹಾಕಿಕೊಂಡು ನಿಜವಾದ ಕಾರುಗಳಿಗೆ ಬಣ್ಣ ಹೊಡೆಯುವ ಪೇಂಟರ್, ಊರು ಕೈಲಾಂಚ. ಬೊಂಬೆಯವನೂ ಅವನೂ ಒಂದೇ ಶಾಲೆಯಲ್ಲಿ ಓದಿದವರು, ಹಾಗಾಗಿ ಅವರ ನಡುವೆ ಮರ್ಯಾದೆಯ ಮಾತು ನಡೆಯುವುದಿಲ್ಲ. ನಾಲ್ಕನೆಯವನು ನಾನು, ಪತ್ರಿಕೆಯೊಂದರಲ್ಲಿ ಬೇರೆಯವರು ಬರೆದ ಸುದ್ದಿ ತಿದ್ದುವವನು. ಕಾರು ಕಟ್ಟುವುದರಲ್ಲಿ ನನ್ನ ಪಾಲು ಮರಳು ಕಾಗದ ಉಜ್ಜುವುದು, ಮತ್ತು ಉಳಿದವರ ಜಗಳ ಕೇಳುವುದು.

ಈ ಅಂಬಾಸಿಡರ್ ಶೋಕಿಗೆ ಕಟ್ಟಿದ್ದಲ್ಲ. ಪೇಂಟರನ ತಂದೆ ಕೈಲಾಂಚ, ಕೂಟಗಲ್ ಕಡೆ ಬಾಡಿಗೆ ಕಾರು ಓಡಿಸಿದವರು. ಆ ಕಾಲದಲ್ಲಿ ಸುತ್ತಿನ ಮದುಮಕ್ಕಳೆಲ್ಲ ಅವರ ಅಂಬಾಸಿಡರ್‌ನಲ್ಲೇ ಛತ್ರಕ್ಕೆ ಹೋದದ್ದು, ಅದರಲ್ಲೇ ಗಂಡನ ಮನೆಗೆ ಇಳಿದದ್ದು. ಓಡುವುದು ನಿಂತ ಮೇಲೂ ಕಾರು ಮನೆ ಮುಂದಿನ ಹೊಂಗೆಮರದಡಿ ಇತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವು. ಹಾವು ಸೇರಿಕೊಂಡಿದೆ ಎಂದು ಪೇಂಟರನ ಹೆಂಡತಿ ದಿನಾ ಹೇಳುತ್ತಿದ್ದಳು. ತಂದೆ ವಿರೂಪಾಕ್ಷಿಪುರದ ಮಗಳ ಮನೆಗೆ ಹೋಗಿದ್ದಾಗ ಇವನು ಗುಜರಿಯವನನ್ನು ಕರೆಸಿ ಕಾರು ಎತ್ತಿಸಿಬಿಟ್ಟ. ಅವರು ಬಂದು ನೋಡಿದಾಗ ಮರದಡಿ ಟೈರಿನ ಗುಳಿಗಳಷ್ಟೇ ಇದ್ದವು. ಕೂಗಾಡಲಿಲ್ಲ.

“ಇನ್ಮ್ಯಾಲೆ ಕೋಳಿ ಎಲ್ಲಿ ಮೊಟ್ಟೆ ಇಕ್ಕವು?” ಎಂದು ಕೇಳಿದರಂತೆ. ಅವತ್ತಿನಿಂದ ಅವರು ಮಗನ ಕಾರು ಹತ್ತಿಲ್ಲ. ಆಸ್ಪತ್ರೆಗೆ ಹೋದರೂ ಬಸ್ಸು, ನೆಂಟರ ಮನೆಗಾದರೂ ಬಸ್ಸು.

ಈಗ ಪೇಂಟರನ ಮಗಳ ಮದುವೆ ಕಾರ್ತಿಕದಲ್ಲಿ ಗೊತ್ತಾಗಿತ್ತು, ರಾಮನಗರದ ಛತ್ರದಲ್ಲಿ. ತಂದೆ ಮೊದಲೇ ಹೇಳಿಬಿಟ್ಟಿದ್ದರು: “ನೀವು ಮುಂದೆ ನಡೀರಿ, ನಾನು ಬಸ್ಸಲ್ಲಿ ಬತ್ತೀನಿ.”

“ಹೋಬ್ಳಿ ಮದುಮಕ್ಕಳನ್ನೆಲ್ಲ ಕಾರಲ್ಲಿ ಇಳಿಸ್ದೋನು,” ಎಂದ ಪೇಂಟರ್ ನಮ್ಮ ಮುಂದೆ, “ಮೊಮ್ಮಗಳ ಮದ್ವೇಗೆ ಬಸ್ಸಿಳಿದು ನಡ್ಕಂಡ್ ಬಂದ್ರೆ, ಛತ್ರದ ಬಾಗ್ಲಲ್ಲಿ ನಾನು ಯಾವ ಮುಖ ಇಟ್ಕಂಡು ನಿಂತ್ಕಳ್ಲಿ? ಆ ಕಾರನ್ನ ಹಂಗಂಗೇ ಮಾಡ್ಕೊಡ್ಬೇಕು. ಅದ್ನ ಕೈಗಿಟ್ಟು, ಅಪ್ಪಾ ಬಾ, ಕೂತ್ಕೋ ಅಂತೀನಿ.”

ಯುಗಾದಿ ಕಳೆದ ಮೊದಲ ಭಾನುವಾರವೇ ಕೆಲಸ ಶುರುವಾಯಿತು. ಬೊಂಬೆಯವನು ಹಾಲೆ ಮರದ ತುಂಡಿನಲ್ಲಿ ಕಾರಿನ ಮೈ ಕೆತ್ತಿ, ಒಳಗೆ ಟೊಳ್ಳು ಮಾಡಿ, ಲೇತಿನಲ್ಲಿ ಚಕ್ರಗಳನ್ನು ಕಡೆದ. ಮೇಷ್ಟ್ರು ಇಪ್ಪತ್ತನಾಲ್ಕರಲ್ಲಿ ಒಂದು ಪಾಲು ಎಂಬ ಲೆಕ್ಕ ಹಿಡಿದು ಎಲ್ಲವನ್ನೂ ಅಳೆದರು. ಹಿಂದಿನ ಗಾಜು ಕೂದಲೆಳೆಯಷ್ಟು ಅಗಲವಾಯಿತೆಂದು ಎರಡು ಭಾನುವಾರ ತಿಂದರು. ಬಾಗಿಲುಗಳು ಮೈಮೇಲೆ ಗೀರಿದ ಗೆರೆಗಳು. ತೆರೆಯುವ ಬಾಗಿಲು ಮಾಡಿದರೆ ಸಂದು ದಪ್ಪ ಕಾಣುತ್ತದೆ, ಅಳತೆ ಕೆಡುತ್ತದೆ ಎಂದು ಮೇಷ್ಟ್ರು ತೀರ್ಪು ಕೊಟ್ಟಿದ್ದರು. ಮುಂಗಾರು ಹಿಡಿಯುವ ಹೊತ್ತಿಗೆ ಕಾರು ಬಣ್ಣಕ್ಕೆ ಸಿದ್ಧವಾಗಿತ್ತು.

ಅಲ್ಲಿಗೆ ಕೆಲಸ ನಿಂತಿತು. ಕಾರಿನ ಬಣ್ಣ ಬಿಳಿ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಯಾವ ಬಿಳಿ ಎಂಬುದೇ ತಕರಾರು.

“ಸುಣ್ಣದ ಬಿಳಿ ಕಣ್ಲಾ. ನಮ್ಮನೆ ಕಾರು, ನಂಗೊತ್ತಿಲ್ವಾ?” ಎಂದ ಪೇಂಟರ್.

“ನಿಂಗೇನ್ ಗೊತ್ತು, ಗುಜ್ರಿಗೆ ಹಾಕ್ದೋನು,” ಎಂದ ಬೊಂಬೆಯವನು. “ಮೊಸ್ರು ಬಿಳಿ ಅದು. ನಮ್ಮಕ್ಕನ ಮದ್ವೇಲಿ ನಾನು ಮುಂದೆ ಕೂತಿದ್ದೆ.”

ಮೇಷ್ಟ್ರು ಇಬ್ಬರನ್ನೂ ಒಪ್ಪಲಿಲ್ಲ. ಅದು ತುಸು ಹಳದಿ ಬೆರೆತ ದಂತದ ಬಣ್ಣ ಎಂದರು. ಅವರು ಆ ಕಾರನ್ನು ಕಣ್ಣಿಂದ ಕಂಡವರೇ ಅಲ್ಲ.

ಮುಂದಿನ ವಾರ ಪೇಂಟರೂ ಬೊಂಬೆಯವನೂ ಮನೆಯಿಂದ ಮದುವೆಯ ಆಲ್ಬಮ್ ತಂದರು. ನನ್ನ ತಂಗಿಯೂ ಅದೇ ಕಾರಿನಲ್ಲಿ ಛತ್ರಕ್ಕೆ ಹೋದವಳು, ನಾನೂ ಅವಳದನ್ನು ತಂದೆ. ಫೋಟೊಗಳೆಲ್ಲ ಹಳದಿ ತಿರುಗಿದ್ದವು. ಹಳದಿ ತಿರುಗಿದ ಫೋಟೊದಲ್ಲಿ ಸೀರೆ, ಪಂಚೆ, ಕಾರು, ಪುರೋಹಿತರ ಗಡ್ಡ ಎಲ್ಲವೂ ದಂತದ ಬಣ್ಣವೇ. ಮೇಷ್ಟ್ರು ಇದನ್ನು ಸಾಕ್ಷಿ ಎಂದರು. ಕಾರು ಹೂವಿನಲ್ಲಿ ಮುಕ್ಕಾಲು ಮುಳುಗಿದ್ದರಿಂದ ನೋಡಲು ಉಳಿದದ್ದೇ ಅಂಗೈಯಗಲ. ಆ ಅಂಗೈಯಗಲದ ಮೇಲೆ ಆಷಾಢ ಮುಗಿಯಿತು, ಶ್ರಾವಣವೂ ಮುಗಿಯಿತು.

ನಾನು ಮತ್ತೆ ಮತ್ತೆ ಹೇಳುತ್ತಿದ್ದೆ: ಕಾರಿನ ಯಜಮಾನರು ಕೈಲಾಂಚದಲ್ಲಿದ್ದಾರೆ, ಅವರನ್ನೇ ಕೇಳಿ. ಸುದ್ದಿಮನೆಯಲ್ಲಿ ಇದು ಮೊದಲ ಪಾಠ.

“ಕೇಳುದ್ರೆ ಗೊತ್ತಾಗೋಯ್ತದೆ,” ಎನ್ನುತ್ತಿದ್ದ ಪೇಂಟರ್.

“ನೀನು ಕೇಳಬೇಡ, ನಾನು ಕೇಳುತ್ತೇನೆ.”

“ಬ್ಯಾಡಿ ಸಾರ್. ಆ ಕಾರಿನ್ ಸುದ್ದಿ ಎತ್ತಬ್ಯಾಡಿ.”

ಗುಜರಿಗೆ ಹಾಕಿದ ದಿನದಿಂದ ಅವನು ಅಪ್ಪನ ಮುಂದೆ ಆ ಕಾರಿನ ಮಾತೇ ಎತ್ತಿರಲಿಲ್ಲ ಎಂಬುದು ನನಗೆ ಅರ್ಥವಾಗಲು ಅಷ್ಟು ತಿಂಗಳು ಬೇಕಾಯಿತು. ಬಿಳಿ ಬಣ್ಣದ ಬಗ್ಗೆ ನಮ್ಮೊಂದಿಗೆ ಎಷ್ಟು ಹೊತ್ತು ಬೇಕಾದರೂ ಜಗಳವಾಡುತ್ತಿದ್ದ.

ಕೊನೆಗೆ ಮೂರು ಬಿಳಿಗಳನ್ನು ಬೆರೆಸಿ ಹೊಡೆಯುವುದೆಂದಾಯಿತು. ಪೇಂಟರ್ ತನ್ನ ಶೆಡ್ಡಿನ ಅಭ್ಯಾಸದಂತೆ ದಪ್ಪಗೆ ಹೊಡೆದ; ಗೆರೆಗಳು ಮುಚ್ಚಿಹೋದವು. ನಾನು ಉಜ್ಜಿ ತೆಗೆದೆ. ಮತ್ತೆ ಹೊಡೆದ, ಬಣ್ಣ ಇಳಿಯಿತು. ಮತ್ತೆ ಉಜ್ಜಿದೆ. ನಿಜವಾದ ಕಾರನ್ನು ಎರಡು ದಿನಕ್ಕೆ ಮುಗಿಸಿ ಕಳಿಸುವವನು ಇದಕ್ಕೆ ತಿಂಗಳಿಗೂ ಹೆಚ್ಚು ತೆಗೆದುಕೊಂಡ. ಆಯುಧಪೂಜೆಯ ಹಿಂದಿನ ಸಂಜೆ ಮೇಲಿನ ಹೊಳಪಿನ ಕೋಟು ಬಿತ್ತು. ಬಾಗಿಲಿಗೆ ಬೀಗ ಹಾಕೋಣ ಎಂದು ನಾನು ಹೇಳಿದೆ. ಗಾಳಿ ಆಡದಿದ್ದರೆ ಒಣಗುವುದಿಲ್ಲ ಎಂದು ಮೇಷ್ಟ್ರು ಬಾಗಿಲು, ಕಿಟಕಿ ಎರಡನ್ನೂ ತೆಗೆದಿಡಿಸಿದರು.

ಬೆಳಿಗ್ಗೆ ಆದದ್ದನ್ನು ಮೇಲೆ ಹೇಳಿದ್ದೇನೆ.

ಮೇಷ್ಟ್ರು ಭೂತಗನ್ನಡಿ ಹಿಡಿದು ಬಾನೆಟ್ಟು ನೋಡಿದರು. “ನಮ್ಮ ಅಳತೆ ಪ್ರಕಾರ ಈ ಕುಂಕುಮದ ಒಂದೊಂದು ಕಾಳೂ ಜಲ್ಲಿ ಕಲ್ಲಿನಷ್ಟಾಗುತ್ತೆ.”

“ಮೇಷ್ಟ್ರೇ, ನಿಮ್ಮ ಅಳತೆಗೊಂದು ನಿಂಬೆಹಣ್ಣು ಮಾಡ್ಕೊಟ್ಟಿದ್ರೆ ಅಚ್ಚಾದ್ರೂ ಉಳೀತಿತ್ತು,” ಎಂದ ಬೊಂಬೆಯವನು.

“ನಿಮ್ಮವ್ವಂಗೆ ಹೇಳಕ್ಕಾಗ್ಲಿಲ್ವೇನ್ಲಾ ಒಂದ್ ಮಾತು?” ಎಂದ ಪೇಂಟರ್.

“ನಮ್ಮವ್ವಂಗಾ? ನೀನೇ ಹೇಳ್ಹೋಗ್ಲಾ. ಕೆಳಗೌರೆ. ಕಡುಬು ಮಾಡ್ತಾವ್ರೆ.”

ಪೇಂಟರ್ ಕೆಳಗಿಳಿದು ಹೋಗಿ ಕಡುಬು ತಿಂದು ಬಂದ.

ಬೊಂಬೆಯವನು ಅಚ್ಚು ನೆಟ್ಟಗೆ ಮಾಡಿದ, ನಾನು ಬಾನೆಟ್ಟು ಉಜ್ಜಿದೆ. ಕುಂಕುಮದ ಕಾಳು ಹೋದವು, ಕೆಂಪು ಕೆಳಗಿಳಿದಿತ್ತು. ಮೇಲೆ ಎಷ್ಟು ಬಿಳಿ ಹೊಡೆದರೂ ಒಳಗಿಂದ ಗುಲಾಬಿ ಛಾಯೆ ಮೇಲೆ ಬರುತ್ತಿತ್ತು. ಸುಣ್ಣದ್ದೂ ಅಲ್ಲ, ಮೊಸರಿನದೂ ಅಲ್ಲ, ದಂತದ್ದೂ ಅಲ್ಲದ ನಾಲ್ಕನೇ ಬಿಳಿ ಹುಟ್ಟಿತು. ಇದರ ಬಗ್ಗೆಯೂ ಚರ್ಚೆ ಶುರುವಾದಾಗ ನಾನು ಎದ್ದು ಮನೆಗೆ ಬಂದೆ.

ಆ ವಾರದಲ್ಲಿ ಹಿಪ್ಪುನೇರಳೆ ತೋಟಗಳ ಕುರಿತ ವರದಿಯೊಂದರ ವಿವರ ಸರಿನೋಡಲು ಕೈಲಾಂಚಕ್ಕೆ ಹೋಗಬೇಕಾಯಿತು. ವಾಪಸು ಬಸ್ಸಿಗೆ ಕಾಯುತ್ತಿದ್ದಾಗ ಪೇಂಟರನ ತಂದೆಯೂ ಅಲ್ಲೇ ಕಲ್ಲಿನ ಮೇಲೆ ಕೂತಿದ್ದರು. ನನ್ನ ತಂಗಿಯ ಮದುವೆಗೆ ಕಾರು ತಂದವರು, ನೆನಪು ಮಾಡಿಕೊಟ್ಟೆ.

“ಆಹಾ, ಗೊತ್ತಾಯ್ತು ಬುಡಿ. ದಾರೀಲಿ ಅತ್ತೂ ಅತ್ತೂ ಸೋಡಾ ಕೇಳ್ದ ಹೆಣ್ಣು,” ಎಂದರು.

ಪೇಂಟರ್ ಬೇಡವೆಂದಿದ್ದ. ಆದರೂ ಕೇಳಿದೆ. “ಯಜಮಾನ್ರೇ, ಆ ಕಾರು ಯಾವ ಬಿಳಿ?”

“ಯಾವ ಬಿಳಿ ಅಂದ್ರೆ?”

“ಸುಣ್ಣದ ಬಿಳಿಯೋ, ಮೊಸರಿನ ಬಿಳಿಯೋ?”

ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಬಣ್ಣ ಯಾರ್ ನೋಡೋರು ಸಾಮಿ? ಮದ್ವೆ ದಿನ ಪೂರಾ ಹೂವ, ಮಾರ್ನೇ ದಿನ ಪೂರಾ ಧೂಳು. ಅದ್ರ ಎಡಗಡೆ ಹಿಂದ್ಲ ಬಾಗ್ಲು ಒಂದೈತಲ್ಲ, ಅದು ಒಳಗಿಂದ ತೆಗೆಯಕ್ಕೆ ಬತ್ತಿರ್ಲಿಲ್ಲ. ರಿಪೇರಿ ಮಾಡ್ಸು ಅನ್ನೋರು. ನಾನು ಮಾಡುಸ್ಲಿಲ್ಲ. ಹೆಣ್ಣು ಆ ಕಡೇಲೇ ಕೂರೋದು. ಛತ್ರದ ತಾವ ನಾನೇ ಇಳ್ದು, ಸುತ್ತಾಕ್ಕಂಡ್ ಬಂದು, ಬಾಗ್ಲು ತೆಗೀಬೇಕು. ಅಲ್ಲೀಗಂಟ ಎಲ್ರೂ ನಿಂತ್ಕಂಡಿರೋರು. ಗಂಡಿನ ಕಡೇರೂನೂವೆ.”

ಬಸ್ಸು ಬಂತು. ಅವರು ಹತ್ತಿ ಕಿಟಕಿ ಪಕ್ಕ ಕೂತರು.

ಭಾನುವಾರ ಇದನ್ನು ಹಾಗೆಯೇ ವರದಿ ಮಾಡಿದೆ. ಪೇಂಟರ್ ನನ್ನ ಮೇಲೆ ರೇಗಿದ, ಆಮೇಲೆ ಕಾರನ್ನು ಕೈಗೆತ್ತಿಕೊಂಡು ಎಡಗಡೆ ಹಿಂದಿನ ಬಾಗಿಲಿನ ಗೆರೆಯ ಮೇಲೆ ಉಗುರು ಓಡಿಸಿದ.

“ಇದ್ನ ಬಿಡಿಸ್ಲಾ,” ಎಂದ ಬೊಂಬೆಯವನಿಗೆ.

“ಬಣ್ಣ ಆಗೋಗೈತಲ್ಲೋ! ಮೊದ್ಲೇ ಹೇಳಕ್ಕೇನಾಗಿತ್ತು ನಿಂಗೆ? ನಿಮ್ಮನೆ ಕಾರು, ಬಾಗ್ಲು ಬರಲ್ಲ ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು. ಅದು ಕೆಟ್ಟಿರೋದು ಅಂದ್ಕಂಡಿದ್ದೆ.”

ಸಂದು ದಪ್ಪವಾಗುತ್ತದೆ ಎಂದು ಮೇಷ್ಟ್ರು ಶುರು ಮಾಡಿದರು. ಮೂವರೂ ಅವರತ್ತ ತಿರುಗಿದೆವು. ಅವರು ಭೂತಗನ್ನಡಿ ಒರೆಸುತ್ತಾ ಕೂತರು.

ಬೊಂಬೆಯವನು ದಾರದಷ್ಟು ತೆಳುವಾದ ಗರಗಸ ಹಿಡಿದು ಬಾಗಿಲು ಕೊರೆದ. ಎರಡು ಬಾಗಿಲುಗಳ ನಡುವಿನ ಕಂಬದ ಹತ್ತಿರ ಮೈ ಸೀಳಿತು. ಅಂಟು ಹಾಕಿ ಹಿಡಿದು ಕೂತೆವು. ಗುಂಡುಸೂಜಿ ಕತ್ತರಿಸಿ ಕೀಲು ಮಾಡಿದ. ಬಾಗಿಲಿನ ಹೊರಗೆ ಹಿಡಿ ಇಟ್ಟು ಒಳಗೆ ಏನೂ ಇಡಲಿಲ್ಲ. ಸೀಳಿನ ಗೆರೆ ಬಣ್ಣದಡಿಯೂ ಕಾಣುತ್ತಿತ್ತು. ಸಂದು ಮೇಷ್ಟ್ರು ಹೇಳಿದಂತೆಯೇ ದಪ್ಪವಾಯಿತು. ಅಷ್ಟರಲ್ಲಿ ದೀಪಾವಳಿಯೂ ಕಳೆದಿತ್ತು. ಮತ್ತೊಮ್ಮೆ ಪೂರಾ ಉಜ್ಜಿ ಹೊಡೆಯೋಣ, ಒಂದೇ ವಾರ ಸಾಕು ಎಂದ ಪೇಂಟರ್. ಮದುವೆ ಅದೇ ವಾರದಲ್ಲಿತ್ತು. ಕಾರನ್ನು ಹಳೇ ಟವೆಲಿನಲ್ಲಿ ಸುತ್ತಿ ಅವನ ಕೈಗಿಟ್ಟು ಕಳಿಸಿದೆವು.

ಮುಂದಿನದು ಅವನು ಹೇಳಿದ್ದು. ಮದುವೆಯ ಹಿಂದಿನ ಸಂಜೆ, ಚಪ್ಪರದ ಕೆಳಗೆ, ಟವೆಲು ಬಿಚ್ಚಿ ತಂದೆಯ ಮುಂದಿಟ್ಟ. ಕಲಿತುಕೊಂಡು ಹೋಗಿದ್ದ ಮಾತು ಬಾಯಿಗೆ ಬರಲಿಲ್ಲ. ಅವರು ಬಣ್ಣದ ಬಗ್ಗೆ ಏನೂ ಕೇಳಲಿಲ್ಲ. ಗುಲಾಬಿ ಬಾನೆಟ್ಟನ್ನೂ ಸೀಳನ್ನೂ ಕಂಡರೋ ಇಲ್ಲವೋ ತಿಳಿಯದು. ಕಾರನ್ನು ತಿರುಗಿಸಿ ಎಡಗಡೆ ನೋಡಿ, ಹೆಬ್ಬೆರಳಿನ ಉಗುರಿನಿಂದ ಹಿಂದಿನ ಬಾಗಿಲು ತೆಗೆದರು. ಒಳಗೆ ಕಿರುಬೆರಳು ತೂರಿಸಿ ತಡಕಿದರು. ಮುಚ್ಚಿದರು.

“ಜೋರಾಗ್ ಹಾಕ್ಬೇಕು ಇದ್ನ,” ಎಂದರಂತೆ. ಅಷ್ಟೇ.

“ಬತ್ತೀನಿ ಅಂದ್ರಾ?” ಎಂದು ಬೊಂಬೆಯವನು ಫೋನಿನಲ್ಲಿ ಕೇಳಿದ್ದಕ್ಕೆ ಪೇಂಟರ್, “ಏನೂ ಅನ್ನಲಿಲ್ಲ ಕಣ್ಲಾ, ಊಟ ಮಾಡಿ ಮಲಗವ್ರೆ,” ಎಂದ.

ಬೆಳಿಗ್ಗೆ ನಾವು ಮೂವರು ಛತ್ರದ ಬಾಗಿಲಲ್ಲಿ ನಿಂತಿದ್ದೆವು. ಕೈಲಾಂಚದ ಬಸ್ಸು ಬಂದು ಹೋಯಿತು. ಇಳಿದವರಲ್ಲಿ ಪೇಂಟರನ ತಂದೆ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಪೇಂಟರನ ಕಾರು ಬಂತು. ಅವರು ಹಿಂದಿನ ಸೀಟಿನಲ್ಲಿ ಎಡಗಡೆ ಕೂತಿದ್ದರು, ಪಕ್ಕದಲ್ಲಿ ಮೊಮ್ಮಗಳು. ಕಾರು ನಿಂತಿತು. ಮೊಮ್ಮಗಳು ತನ್ನ ಕಡೆಯಿಂದ ಇಳಿದಳು. ಅವರು ಇಳಿಯಲಿಲ್ಲ. ವಾಲಗದವರು, ಬೀಗರು, ನಾವು, ಎಲ್ಲರೂ ಕಾದೆವು. ಪೇಂಟರ್ ಇಳಿದು, ಕಾರಿನ ಹಿಂದಿನಿಂದ ಸುತ್ತಿ ಬಂದು, ಹೊರಗಿನಿಂದ ಬಾಗಿಲು ತೆಗೆದ. ಆಗ ಇಳಿದರು.

ಊಟವಾದ ಮೇಲೆ ಅವರು ಊರಿಗೆ ಬಸ್ಸಿನಲ್ಲಿ ಹೋದರು.