ಎಣ್ಣೆ ಬಾಟಲಿಯ ಮೇಲೆ ಅಂಕಿತಾಳ ಮುಖ

ಅಲ್ಲ, ಆ ಹುಡುಗಿಗೆ ಅಷ್ಟು ಸಿಟ್ಟು ಬರದೆ ಇನ್ನೇನು ಬರಬೇಕಿತ್ತು ಹೇಳಿ! ನಮ್ಮ ಚಿಕ್ಕೇರೂರಿನ ಅಂಕಿತಾ ಧಾರವಾಡದ ಲ್ಯಾಬಿನಲ್ಲಿ ಕೂತು ವರ್ಷಗಟ್ಟಲೆ ಹುಡುಕುತ್ತಿರುವುದು ಒಂದನ್ನೇ. ಕುರು, ಕೀವು ತರುವ ಸ್ಟ್ಯಾಫ್ ಅನ್ನೋ ರೋಗಾಣು ಮೈಯೊಳಗೆ ವಿಷ ಬಿಡುತ್ತದಲ್ಲ, ಆ ವಿಷವನ್ನು ಕಟ್ಟಿಹಾಕುವ ಔಷಧ. ಅದಿನ್ನೂ ಇಲಿಗಳ ಮೇಲಿನ ಪರೀಕ್ಷೆ ದಾಟಿ ಮನುಷ್ಯರ ತನಕ ಬಂದಿಲ್ಲ.

ಒಮ್ಮೆ ಊರಿಗೆ ಬಂದಾಗ ಅವಳನ್ನು ಶಾಲೆಯಲ್ಲಿ ಮಾತಾಡಿಸಿದರು. "ಚೇಳಿನ ಕೊಂಡಿ ಮುರದ್ರ ಅದು ಹರದಾಡಿದ್ರೂ ಏನ್ ಮಾಡೀತ್ರಿ? ನಮ್ಮ ಔಷಧ ಹಂಗ, ರೋಗಾಣು ಕೊಲ್ಲೂದಿಲ್ಲ, ಅದರ ವಿಷ ಅಷ್ಟ ಕಟ್ಟತೈತಿ" ಎಂದಳು. ಚಪ್ಪಾಳೆಯೋ ಚಪ್ಪಾಳೆ! "ಅದು ಬರೂತನಕ ಡಾಕ್ಟರ್ ಕೊಟ್ಟ ಗುಳಗಿ ಬಿಡಬ್ಯಾಡ್ರಿ" ಎಂದದ್ದು ಆ ಸದ್ದಿನಲ್ಲೇ ಮುಳುಗಿಹೋಯಿತು.

ಮುಂದಿನ ಸಲ ಬಂದಾಗ ಅವಳ ದೊಡ್ಡವ್ವ ಸಿದ್ದವ್ವ ಜ್ವರದಲ್ಲಿ ನಡುಗುತ್ತಿದ್ದಳು. ಕಾಲಿನ ಮೀನಖಂಡದ ಮೇಲಿನ ಕುರು ಊದಿ, ಕೆಂಪು ಮೊಣಕಾಲಿನ ತನಕ ಏರಿತ್ತು.

"ಡಾಕ್ಟರ್ ಕೊಟ್ಟ ಗುಳಗಿ ಎಲ್ಲದಾವ ದೊಡ್ಡವ್ವಾ?"

"ಡಬ್ಬ್ಯಾಗ ಅದಾವ. ನೀನ ಹೇಳಿದೆಲ್ಲ, ಕೊಲ್ಲೂದು ಬ್ಯಾಡ, ಕೊಂಡಿ ಮುರದ್ರ ಸಾಕಂತ? ನಂಜು ಅಂತ ಬದನಿಕಾಯಿ ಬಿಟ್ಟೇನಿ, ನಿನ್ನ ಎಣ್ಣಿ ಹಚ್ಚೇನಿ."

"ನನ್ನ ಎಣ್ಣಿ?"

ಸಿದ್ದವ್ವ ಬಾಟಲಿ ತೋರಿಸಿದಳು. 'ನಂಜು ಮುರಿಯುವ ಎಣ್ಣೆ' ಎಂಬ ಅಕ್ಷರ, ಕೆಳಗೆ ಶಾಲೆಯ ಮೈಕಿನ ಮುಂದೆ ನಿಂತ ಅಂಕಿತಾಳ ಫೋಟೊ!

ಸಿದ್ದವ್ವನನ್ನು ಆಟೋದಲ್ಲಿ ಹಾಕಿಕೊಂಡು ಹಿರೇಕೆರೂರಿನ ಆಸ್ಪತ್ರೆಗೆ ಓಡಿದರು. ಡಾಕ್ಟರು ಕೀವು ತೆಗೆದು ಸಲೈನ್ ಏರಿಸಿದರು. "ಇನ್ನ ತಡಾ ಆಗಿದ್ರ ಕಾಲು ಉಳೀತಿದ್ದಿಲ್ಲ" ಎಂದರು. ಅಲ್ಲಿಂದ ಅಂಕಿತಾ ನೇರ ಹೋದದ್ದು ಆ ಬಾಟಲಿ ಮಾರಿದ ಊರಿನ ಎಣ್ಣೆ ಅಂಗಡಿಗೆ.

"ಬಾರವಾ, ಕುಂದ್ರು" ಎಂದ ಅಂಗಡಿಯ ಶಂಭುಲಿಂಗ. "ನಿನ್ನಿಂದ ಊರಿಗೆ ಹೆಸರು ಬಂತು."

"ಹೆಸರಿಗೆ ಬೆಂಕಿ ಬೀಳ್ಲಿ ಕಾಕಾ! ಇದ್ರಾಗ ಏನೈತಿ?"

"ಬೇವಿನೆಣ್ಣಿ, ಅರಿಷಿಣ. ಯಾರಿಗರ ಕೆಡಕ ಮಾಡ್ತೈತೇನು?"

"ಕೆಡಕ ಮಾಡಿದ್ದು ಎಣ್ಣಿ ಅಲ್ರಿ, ಅದರ ಮ್ಯಾಲಿನ ನನ್ನ ಮಾರಿ! ಅದನ್ನ ನಂಬಿ ದೊಡ್ಡವ್ವ ಗುಳಗಿ ಬಿಟ್ಲು. ನನ್ನ ಔಷಧ ಇನ್ನೂ ನನ್ನ ಕೈಗ ಸಿಕ್ಕಿಲ್ಲ, ನೀವು ಹೆಂಗ ಮಾರಾಕತ್ತೀರಿ?"

ಹೇಳುತ್ತಲೇ ಒಂದೊಂದು ಬಾಟಲಿಯ ಚೀಟಿಯನ್ನೂ ಉಗುರಿನಿಂದ ಹರಿದಳು. ಮಂದಿ ಕೂಡಿದರು.

"ಒಳಗ ಕುಂತು ಹರಿಯವಾ, ಗಿರಾಕಿ ನೋಡಾಕತ್ತಾರ."

"ನೋಡ್ಲಿ ಅಂತನ ಇಲ್ಲಿ ಹರಿಯಾಕತ್ತೇನಿ!"

ಸಿದ್ದವ್ವನ ಕಾಲು ಉಳಿಯಿತು. ಊರಿಗೆ ಬಂದಾಗೆಲ್ಲ ಅಂಕಿತಾ ಈಗ ಮಾತು ಶುರು ಮಾಡುವುದೇ ಗುಳಿಗೆಯಿಂದ, ಚೇಳಿನ ಕಥೆ ಆಮೇಲೆ. ನೀವೂ ಒಮ್ಮೆ ಚಿಕ್ಕೇರೂರಿಗೆ ಹೋಗಿ, ದೊಡ್ಡವ್ವನನ್ನು ಮಾತಾಡಿಸಿ. ಕಟ್ಟೆಯ ಮೇಲೆ ಕೂತ ಸಿದ್ದವ್ವ ಮೊದಲು ಗಾಯದ ಕಲೆ ತೋರಿಸ್ತಾಳೆ, ಆಮೇಲೆ ಬದನೆಕಾಯಿ ಪಲ್ಯ ಬಡಿಸ್ತಾಳೆ. ಬೇಡ ಅನ್ನಬೇಡಿ.